ಹತ್ತೊಂಬತ್ತನೇ ನಂಬರ್ ತಂತಿ

ಕಾನ್ಪುರ
11 ಆಗಸ್ಟ್ 1997

ದಾದಾಪೀರ್ ಸಾಹೇಬರಿಗೆ ನಮಸ್ಕಾರ.

ನನ್ನ ಗುರುತು ನಿಮಗೆ ಸಿಗಲಾರದು. ಹೆಸರು ಶಾಂತಕುಮಾರಿ, ಊರು ಮೊಳಕಾಲ್ಮೂರು. ನಮ್ಮವ್ವ ಕ್ಯಾತಮ್ಮ ಅಲ್ಲಿ ಸೀರೆ ನೇಯುವವರಿಗೆ ರೇಷ್ಮೆ ನೂಲು ಸುತ್ತಿಕೊಡುತ್ತಾಳೆ. ಪಿಯುಸಿ ಓದುವಾಗ ಎರಡು ವರ್ಷ ಚಳ್ಳಕೆರೆಯಲ್ಲಿ ಜಯಕ್ಕ ಚಿಕ್ಕಮ್ಮನ ಮನೆಯಲ್ಲಿದ್ದೆ. ಕಾಲೇಜಿಗೆ ಹೋಗುವಾಗ ಬರುವಾಗ ನಿಮ್ಮ ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆಯೇ ಹಾಯಬೇಕಿತ್ತು.

ಒಂದು ದಿನ ಅಲ್ಲಿ ಜನ ಗುಂಪುಗೂಡಿದ್ದರು. ಎಣ್ಣೆ ಗಿರಣಿಯವರು ಯಾರೋ ಮೋಟರಿನ ವೇಗ ಅಳೆಯುವ ಹೊಸ ಮೀಟರ್ ತಂದಿದ್ದರು. ನೀವು ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಮೋಟರಿನ ಮೈಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟುಕೊಂಡು, ನಿಮಿಷಕ್ಕೆ ಸಾವಿರದ ನಾನೂರ ಇಪ್ಪತ್ತು ಸುತ್ತು ಎಂದಿರಿ. ಮೀಟರು ಸಾವಿರದ ನಾನೂರ ಇಪ್ಪತ್ತೆರಡು ತೋರಿಸಿತು. "ನಿಮ್ ಮೀಟ್ರು ಎರಡು ಸುತ್ತು ಜಾಸ್ತಿ ಹೇಳ್ತೈತೆ, ವಾಪಸ್ ಕೊಟ್ಬಿಡ್ರಿ" ಎಂದಿರಿ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಅದು ನಿಜವೇ ಇರಬಹುದು ಅನ್ನಿಸಿತ್ತು. ನಾನು ಎಲೆಕ್ಟ್ರಿಕಲ್ ಓದಿದ್ದು ಆ ದಿನದ ದೆಸೆಯಿಂದ.

ಈಗ ಇಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೋಟರಿಗೆ ವೇಗ ಅಳೆಯುವ ಯಾವ ಸಾಧನವನ್ನೂ ಅಂಟಿಸದೆ, ಒಳಗೆ ಹೋಗುವ ಕರೆಂಟು, ವೋಲ್ಟೇಜು ಎರಡನ್ನೇ ನೋಡಿ, ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಂದಾಜು ಮಾಡಿ ಹತೋಟಿಯಲ್ಲಿಡುವುದು ನನ್ನ ವಿಷಯ. ನೀವು ಕಿವಿಯಿಂದ ಮಾಡುವುದನ್ನು ನಾನು ಲೆಕ್ಕದಿಂದ ಮಾಡಬೇಕು. ನನ್ನ ಮಾರ್ಗದರ್ಶಕರು, ನಿನ್ನ ಮೋಟರು ಕಂಪ್ಯೂಟರಿನೊಳಗೆ ಮಾತ್ರ ಓಡುತ್ತದೆ ಎಂದು ಹಂಗಿಸುತ್ತಾರೆ. ಚಳ್ಳಕೆರೆಯ ಗಿರಣಿಗಳ ಒಂದು ಹತ್ತು ಮೋಟರುಗಳ ಕರೆಂಟು, ವೋಲ್ಟೇಜು, ಜೊತೆಗೆ ನಿಮ್ಮ ಕಿವಿ ಹೇಳುವ ವೇಗ, ಇಷ್ಟನ್ನು ಬರೆದು ಕಳಿಸುವಿರಾ?

ನಾನಿಲ್ಲಿ ಚೆನ್ನಾಗಿದ್ದೇನೆ. ಗೆಳತಿಯರು ತುಂಬ ಜನ ಇದ್ದಾರೆ.

ಶಾಂತಕುಮಾರಿ


ಚಳ್ಳಕೆರೆ
2 ಸೆಪ್ಟೆಂಬರ್ 1997

ಶಾಂತಕುಮಾರಿಯವರಿಗೆ ದಾದಾಪೀರನ ಸಲಾಮು.

ನಿಮ್ಮ ಕಾಗದ ಕೊಡುವಾಗ ಪೋಸ್ಟ್‌ಮ್ಯಾನ್ ಎರಡು ಸಲ ವಿಳಾಸ ಓದಿಕೊಂಡ. ನನಗೆ ಕರೆಂಟ್ ಆಫೀಸಿನವರನ್ನು ಬಿಟ್ಟರೆ ಬೇರೆ ಯಾರೂ ಕಾಗದ ಬರೆಯುವುದಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು, ಮನೆಮಾತು ಉರ್ದು. ಒತ್ತಕ್ಷರ ತಪ್ಪಿದ್ದರೆ ಅದನ್ನು ನಮ್ಮ ಮೇಷ್ಟರ ಮೇಲೆ ಹಾಕಿಬಿಡಿ.

ಆ ಮೀಟರಿನ ದಿನ ನನಗೂ ನೆನಪಿದೆ. ಜಂಬ ತಲೆಗೇರಿದ್ದ ಕಾಲ. ಮನೆಗೆ ಹೋಗಿ ಹೆಂಡತಿ ಹಲೀಮಾ ಬೀಗೆ ಹೇಳಿದರೆ, "ಮೋಟರ್ ಮಾತೆಲ್ಲ ಕೇಳ್ತೈತೆ, ಸೊಪ್ಪು ತನ್ನಿ ಅಂತ ನಾನು ಅಂದಿದ್ ಮಾತ್ರ ಕೇಳಲ್ಲ" ಎಂದಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಮಗಳು ಶಮಾ ರಾಯದುರ್ಗದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಇಲ್ಲಿ ನಾನು ಮತ್ತು ಸುಟ್ಟ ಮೋಟರುಗಳು.

ಕಿವಿಯ ಕೆಲಸವನ್ನು ಲೆಕ್ಕದಿಂದ ಮಾಡುತ್ತೇನೆಂದು ಬರೆದಿದ್ದೀರಿ. ಅದು ಹೇಗೆಂದು ನನ್ನಂಥವನಿಗೆ ತಿಳಿಯುವ ಹಾಗೆ ಬಿಡಿಸಿ ಬರೆಯಿರಿ. ತಿಳಿಯದ ಕೆಲಸಕ್ಕೆ ನಾನು ಕೈ ಹಾಕುವವನಲ್ಲ. ತಿಳಿದರೆ ಹತ್ತಲ್ಲ, ಹನ್ನೆರಡು ಮೋಟರು ಅಳೆದು ಕೊಡುತ್ತೇನೆ. ಈ ಊರಿನ ಗಿರಣಿಗಳಲ್ಲಿ ನನ್ನ ಕೈ ಮುಟ್ಟದ ಮೋಟರು ಕಡಿಮೆ.

ನಿಮ್ಮ ತಾಯಿ ರೇಷ್ಮೆ ಸುತ್ತುತ್ತಾರೆ, ನಾನು ತಾಮ್ರ ಸುತ್ತುತ್ತೇನೆ. ಅವರ ಸೊಂಟವೂ ನನ್ನ ಹಾಗೆಯೇ ಹಿಡಿದುಕೊಂಡಿರಬೇಕು, ಕೇಳಿ ನೋಡಿ.

ದಾದಾಪೀರ್


ಕಾನ್ಪುರ
24 ಸೆಪ್ಟೆಂಬರ್ 1997

ದಾದಾಪೀರ್ ಸಾಹೇಬರಿಗೆ,

ನಿಮ್ಮ ಪತ್ರವನ್ನು ಮೆಸ್ಸಿನಲ್ಲಿ ಊಟ ಮಾಡುತ್ತ ಓದಿದೆ. ಸೊಪ್ಪಿನ ಮಾತಿಗೆ ಜೋರಾಗಿ ನಕ್ಕುಬಿಟ್ಟೆ. ಪಕ್ಕದವಳು ಏನೆಂದು ಕೇಳಿದಳು. ಹಿಂದಿಯಲ್ಲಿ ಹೇಳಿದೆ, ಅವಳಿಗೆ ನಗು ಬರಲಿಲ್ಲ. ಹೇಳುವಾಗ ನನಗೂ ಬರಲಿಲ್ಲ.

ಬಿಡಿಸಿ ಬರೆಯಲು ಹೇಳಿದ್ದೀರಿ. ನಿಜವಾದ ಮೋಟರಿನ ಪಕ್ಕದಲ್ಲಿ ಲೆಕ್ಕದ ಮೋಟರೊಂದನ್ನು ಓಡಿಸುತ್ತೇನೆ ಎಂದುಕೊಳ್ಳಿ. ಎರಡಕ್ಕೂ ಒಂದೇ ವೋಲ್ಟೇಜು ಕೊಡುತ್ತೇನೆ. ನಿಜದ್ದು ಎಳೆಯುವ ಕರೆಂಟಿಗೂ ಲೆಕ್ಕದ್ದು ಎಳೆಯುವ ಕರೆಂಟಿಗೂ ವ್ಯತ್ಯಾಸ ಬಂದರೆ, ಲೆಕ್ಕದ ಮೋಟರನ್ನು ಅಷ್ಟಷ್ಟೇ ತಿದ್ದುತ್ತೇನೆ. ತಿದ್ದುತ್ತ ತಿದ್ದುತ್ತ ಎರಡೂ ಒಂದಾದಾಗ, ಲೆಕ್ಕದ ಮೋಟರಿನ ವೇಗವೇ ನಿಜದ್ದರ ವೇಗ. ಒಳಗಿನದು ಕಣ್ಣಿಗೆ ಕಾಣಬೇಕಾಗಿಲ್ಲ.

ತೊಂದರೆ ಏನೆಂದರೆ ಮೋಟರು ನೇರ ಸ್ವಭಾವದ್ದಲ್ಲ. ಕರೆಂಟು ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುವುದಿಲ್ಲ. ಬಿಸಿಯಾದಾಗ ಒಂದು ಥರ, ತಣ್ಣಗಿದ್ದಾಗ ಒಂದು ಥರ. ಹಾಗಾಗಿ ನಾವು ಅಂದುಕೊಂಡ ಮೋಟರು ಬೇರೆ, ಎದುರಿಗಿರುವುದು ಬೇರೆ ಆದಾಗಲೂ ದಾರಿ ತಪ್ಪದಂಥ ಗಟ್ಟಿ ಲೆಕ್ಕ ಬೇಕು. ಎಷ್ಟು ವ್ಯತ್ಯಾಸದವರೆಗೆ ತಡೆದೀತು ಎನ್ನುವುದೇ ನನ್ನ ಪ್ರಬಂಧ.

ಇಷ್ಟು ತಿಳಿಯಿತೇ? ತಿಳಿಯದಿದ್ದರೆ ತಪ್ಪು ನನ್ನದು. ಮತ್ತೆ ಬರೆಯುತ್ತೇನೆ.

ಶಾಂತಕುಮಾರಿ


ಚಳ್ಳಕೆರೆ
14 ನವೆಂಬರ್ 1997

ಶಾಂತಕುಮಾರಿಯವರಿಗೆ,

ತಡವಾಯಿತು. ಶೇಂಗಾ ಸುಗ್ಗಿ, ಗಿರಣಿಗಳು ಉಸಿರು ಬಿಡುವುದಿಲ್ಲ. ಹನ್ನೆರಡು ಮೋಟರುಗಳ ಪಟ್ಟಿ ಇದರ ಜೊತೆಗಿದೆ. ಕರೆಂಟು, ವೋಲ್ಟೇಜು, ವೇಗ, ಮೂರು ಸಾಲು. ಏಳನೆಯದು ಹುಲಿಯಪ್ಪನವರ ಗಿರಣಿಯದು, ಬೇರಿಂಗ್ ಸವೆದಿದೆ, ಅದರ ಲೆಕ್ಕ ಸ್ವಲ್ಪ ಸೊಟ್ಟಗಿದ್ದರೆ ಬೈಯಬೇಡಿ.

ನಿಮ್ಮ ಲೆಕ್ಕದ ಮೋಟರಿನ ವಿಷಯ ಚೆನ್ನಾಗಿಯೇ ತಿಳಿಯಿತು. ನಾವೂ ಅದನ್ನೇ ಮಾಡುವುದು. ನಲವತ್ತು ವರ್ಷ ಮೋಟರಿನ ಹತ್ತಿರ ಕುಳಿತವನ ತಲೆಯಲ್ಲಿ ಒಳ್ಳೆಯ ಮೋಟರೊಂದು ಓಡುತ್ತಲೇ ಇರುತ್ತದೆ. ಎದುರಿಗಿರುವುದು ಅದಕ್ಕಿಂತ ಹೇಗೆ ಬೇರೆ ಎಂದು ನೋಡುತ್ತೇವೆ. ಇದಕ್ಕೆ ಕಾನ್ಪುರದಲ್ಲಿ ಡಾಕ್ಟರ್ ಪದವಿ ಕೊಡುತ್ತಾರೆಂದು ಗೊತ್ತಿದ್ದರೆ ನಾನೂ ಆಗಲೇ ರೈಲು ಹತ್ತುತ್ತಿದ್ದೆ.

ಚಳಿಗೆ ಉಣ್ಣೆಯ ಬಟ್ಟೆ ಇದೆಯೇ? ಅಲ್ಲಿನ ಚಳಿ ನಮ್ಮ ಕಡೆಯವರಿಗೆ ಆಗಿಬರುವುದಿಲ್ಲ ಎನ್ನುತ್ತಾರೆ.

ದಾದಾಪೀರ್


ಚಳ್ಳಕೆರೆ
16 ನವೆಂಬರ್ 1997

ಶಾಂತಕುಮಾರಿಯವರಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆ ಪಟ್ಟಿಯ ವೇಗ ನನ್ನ ಕಿವಿಯದಲ್ಲ. ಹುಲಿಯಪ್ಪನವರ ಗಿರಣಿಯ ಮೀಟರ್ ಕೇಳಿ ತಂದು ಅಳೆದೆ. ನನಗೆ ಕಿವಿ ಹೋಗಿದೆ. ಎಡಗಿವಿ ಪೂರ್ತಿ ಸತ್ತಿದೆ. ಬಲಗಿವಿಗೆ ಬಾಯಿಟ್ಟು ಕೂಗಿದರೆ ಸ್ವಲ್ಪ ತಿಳಿಯುತ್ತದೆ. ಚಿತ್ರದುರ್ಗದ ಡಾಕ್ಟರು, ಗಿರಣಿಯ ಸದ್ದಿಗೆ ನರ ಸತ್ತಿದೆ, ಕಿವಿಗೆ ಮಿಷನ್ ಹಾಕಿಕೊಂಡರೂ ಅಷ್ಟಕ್ಕಷ್ಟೇ ಎಂದು ಚೀಟಿಯ ಮೇಲೆ ಬರೆದು ತೋರಿಸಿದರು.

ಊರಿಗೆ ಇದು ಗೊತ್ತಿಲ್ಲ. ಗಿರಣಿಯವರು ನನ್ನನ್ನು ಕರೆಯುವುದೇ ಕಿವಿಗೋಸ್ಕರ. ಅದು ಹೋಯಿತೆಂದು ತಿಳಿದರೆ ತಂತಿ ಸುತ್ತುವವರು ಬೇಕಾದಷ್ಟು ಜನ ಇದ್ದಾರೆ. ಈಗಲೂ ಸ್ಕ್ರೂಡ್ರೈವರನ್ನು ಕಿವಿಗಿಟ್ಟುಕೊಳ್ಳುತ್ತೇನೆ, ಮುಖ ಗಂಟು ಹಾಕುತ್ತೇನೆ, ಕೈಗೆ ತಾಗುವ ನಡುಕದಿಂದ ಏನೋ ಹೇಳುತ್ತೇನೆ. ಇಲ್ಲಿಯವರೆಗೆ ಹೆಚ್ಚು ತಪ್ಪಿಲ್ಲ. ಜನರ ತುಟಿ ನೋಡಿ ಉತ್ತರ ಕೊಡುತ್ತೇನೆ. ಬೆನ್ನ ಹಿಂದೆ ಮಾತಾಡಿದವರು ಸಾಬ್ರಿಗೆ ಕೊಬ್ಬು ಎನ್ನುತ್ತಾರಂತೆ. ಶಮಾ ಬಂದರೆ ಅರ್ಧ ಗಂಟೆ ಕೂಗಿ ಮಾತಾಡಿ, ಸುಸ್ತಾಗಿ ಸುಮ್ಮನೆ ಕೂರುತ್ತಾಳೆ.

ನಿಮ್ಮ ಕಾಗದದಲ್ಲಿ ಯಾರೂ ಕೂಗಬೇಕಾಗಿಲ್ಲ. ಅಲ್ಲಿ ನೀವು ಹೇಳಿದ್ದೆಲ್ಲ ನನಗೆ ಕೇಳುತ್ತದೆ. ಅಲ್ಲಿ ನಾನಿನ್ನೂ ಮೀಟರಿನದೇ ತಪ್ಪು ಎಂದ ದಾದಾಪೀರ್. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಒಂಟಿ ಮನುಷ್ಯ ನಾನು, ಇಷ್ಟು ಸುಳ್ಳು ಇರಲಿ ಬಿಡಿ.


ಕಾನ್ಪುರ
3 ಜನವರಿ 1998

ದಾದಾಪೀರ್ ಸಾಹೇಬರಿಗೆ,

ನಿಮ್ಮ ಹನ್ನೆರಡು ಮೋಟರುಗಳನ್ನು ನನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದೆ. ಪೂರ್ತಿ ವೇಗದಲ್ಲಿ ಓಡುವಾಗ ನನ್ನ ಅಂದಾಜಿಗೂ ನಿಮ್ಮ ಕಿವಿಗೂ ಹತ್ತು ಸುತ್ತಿಗಿಂತ ಹೆಚ್ಚು ವ್ಯತ್ಯಾಸ ಎಲ್ಲಿಯೂ ಇಲ್ಲ. ಮಾರ್ಗದರ್ಶಕರಿಗೆ ತೋರಿಸಿದೆ. ಮನುಷ್ಯನ ಕಿವಿಗೆ ಇಷ್ಟು ನಿಖರತೆ ಸಾಧ್ಯವೇ ಇಲ್ಲ ಎಂದರು. ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅವರ ಜೊತೆ ವಾದಕ್ಕಿಳಿದೆ. ಮೂರು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು.

ಹೊರಗೆ ಮಂಜು ಕವಿದಿದೆ. ಕೈ ಚಾಚಿದರೆ ಕೈ ಕಾಣುವುದಿಲ್ಲ. ಉಣ್ಣೆ ಬಟ್ಟೆ ಇದೆ, ವಿಚಾರಿಸಿದ್ದಕ್ಕೆ ಸಂತೋಷವಾಯಿತು.

ನನಗೊಂದು ಆಸೆ ಹುಟ್ಟಿದೆ. ನಿಮ್ಮ ಕೈಯಲ್ಲಿರುವ ಯಾವುದಾದರೂ ಒಂದು ಮೋಟರಿಗೆ ಈ ಲೆಕ್ಕವನ್ನು ಪೆಟ್ಟಿಗೆಯಲ್ಲಿ ಹಾಕಿ ಕೊಡುತ್ತೇನೆ. ಮುಂದೆ ಗಡಿಯಾರದಂಥ ಮುಳ್ಳು ಇರುತ್ತದೆ. ಅದು ಮೋಟರಿನ ವೇಗ ತೋರಿಸುತ್ತದೆ. ಮೋಟರಿನ ಮೈಮೇಲಿನ ಫಲಕದಲ್ಲಿ ಏನೇನು ಕೆತ್ತಿದೆಯೋ ಅಷ್ಟನ್ನು ಹಾಗೆಯೇ ಬರೆದು ಕಳಿಸಿ, ಸಾಕು. ಉಳಿದದ್ದನ್ನು ತಯಾರಕರ ಪುಸ್ತಕದಿಂದ ತೆಗೆದುಕೊಳ್ಳುತ್ತೇನೆ.

ಶಾಂತಕುಮಾರಿ


ಚಳ್ಳಕೆರೆ
19 ಮಾರ್ಚ್ 1998

ಅಮ್ಮಾ ಶಾಂತಕುಮಾರಿ,

ನಿಮ್ಮ ಪೆಟ್ಟಿಗೆಗೆ ಸರಿಯಾದ ಜಾಗ ಸಿಕ್ಕಿದೆ. ದಾವಣಗೆರೆಯಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಯೊಂದರ ಹರಾಜಿನಲ್ಲಿ ಹುಲಿಯಪ್ಪನವರು ಮೋಟರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ತಂದಿದ್ದಾರೆ. ಶೇಂಗಾ ಬೀಜವನ್ನು ಗಾಣದ ಬಾಯಿಗೆ ತಳ್ಳುವ ಉದ್ದ ತಿರುಪು ಒಂದಿದೆ. ಅದನ್ನು ನಿಧಾನವಾಗಿ, ಬೇಕಾದಷ್ಟೇ ತಿರುಗಿಸಬೇಕಂತೆ. ತಿರುಪು ತಗಡಿನ ಮುಚ್ಚಳದೊಳಗಿದೆ, ತಿರುಗುವುದು ಕಣ್ಣಿಗೆ ಕಾಣುವುದಿಲ್ಲ. ಡ್ರೈವಿನ ಗುಂಡಿ ಇರುವುದು ಈ ತುದಿಯ ಗೋಡೆಯ ಮೇಲೆ. ಅದನ್ನು ಹದಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.

"ಸಾಬ್ರೇ, ನೀವು ಕಿವಿ ಇಟ್ ಹೇಳಿದ್ರೆ ಮುಗೀತು, ನಂಗೆ ಮೀಟ್ರು ಪಾಟ್ರು ಏನೂ ಬೇಕಾಗಿಲ್ಲ" ಎಂದರು ಹುಲಿಯಪ್ಪನವರು. ನಾನು, ನನ್ನ ಕಿವಿ ನನ್ನ ಜೊತೆಗೇ ಹೋಗುತ್ತದೆ, ನಾಳೆ ಬರುವವರಿಗೆ ಮುಳ್ಳು ಇರಲಿ ಎಂದೆ. ನಿಮ್ಮ ಪೆಟ್ಟಿಗೆ ಬೇಕು ಎನ್ನುವುದಕ್ಕೆ ಇಷ್ಟೇ ಕಾರಣ.

ಮೋಟರು ಐದು ಹೆಚ್.ಪಿ. ಫಲಕದ ಮೇಲಿರುವುದನ್ನೆಲ್ಲ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿದ್ದೇನೆ. ಜೊತೆಗಿದೆ.

ದಾದಾಪೀರ್


ಕಾನ್ಪುರ
8 ಜೂನ್ 1998

ದಾದಾಪೀರ್ ಸಾಹೇಬರಿಗೆ,

ಪೆಟ್ಟಿಗೆಯನ್ನು ನಿನ್ನೆ ಪಾರ್ಸೆಲ್ ಮಾಡಿದೆ. ಕೆಂಪು, ಹಳದಿ, ನೀಲಿ ತಂತಿಗಳನ್ನು ಎಲ್ಲಿಗೆ ಕೊಡಬೇಕೆಂದು ಒಳಗೆ ಚೀಟಿ ಅಂಟಿಸಿದ್ದೇನೆ. ಒಳಗೆ ನಡೆಯುವ ಲೆಕ್ಕದ ಮುಖ್ಯ ಭಾಗ ಬಹಳ ಸುಲಭ. ಮೋಟರಿಗೆ ಹೋದ ವೋಲ್ಟೇಜಿನಲ್ಲಿ, ತಂತಿಯ ಪ್ರತಿರೋಧ ಎಷ್ಟನ್ನು ತಿನ್ನುತ್ತದೋ ಅಷ್ಟನ್ನು ಕಳೆದರೆ, ಉಳಿದದ್ದು ತಿರುಗುವುದರ ಪಾಲು. ತಂತಿಯ ಪ್ರತಿರೋಧವನ್ನು ನಿಮ್ಮ ಫಲಕದ ಮಾದರಿ ಸಂಖ್ಯೆ ನೋಡಿ ಪುಸ್ತಕದಿಂದ ತುಂಬಿದ್ದೇನೆ.

ತೀರಾ ನಿಧಾನ ಓಡುವಾಗ ಮುಳ್ಳು ಸ್ವಲ್ಪ ಹೊಯ್ದಾಡಬಹುದು. ದೊಡ್ಡ ವಿಷಯವಲ್ಲ. ಮುಳ್ಳಿಗೂ ನಿಮ್ಮ ಕಿವಿಗೂ ಜಗಳ ಬಂದರೆ ಕಿವಿ ಹೇಳಿದ್ದೇ ಸರಿ. ನಿಮ್ಮ ಕೈಗೆ ಕೊಡುತ್ತಿದ್ದೇನೆ ಎಂಬ ಧೈರ್ಯದಿಂದಲೇ ಇದನ್ನು ಕಳಿಸುತ್ತಿದ್ದೇನೆ. ಬೇರೆ ಯಾರಿಗೂ ಕಳಿಸುತ್ತಿರಲಿಲ್ಲ.

ಶಾಂತಕುಮಾರಿ


ಚಳ್ಳಕೆರೆ
27 ಜುಲೈ 1998

ಅಮ್ಮಾ ಶಾಂತಕುಮಾರಿ,

ಪೆಟ್ಟಿಗೆ ಕೂರಿಸಿ ಮೂರು ವಾರವಾಯಿತು. ಗುಂಡಿ ತಿರುವಿದ ಹಾಗೆ ಮುಳ್ಳು ಏಳುತ್ತದೆ, ಇಳಿಯುತ್ತದೆ. ನಾನು ಸುಮ್ಮನೆ ಎದುರಿಗೆ ನಿಂತು ನೋಡುತ್ತಿರುತ್ತೇನೆ. ಹೇಳಿದರೆ ನಗುತ್ತೀರಿ, ಮೊದಲ ದಿನ ಕಣ್ಣಲ್ಲಿ ನೀರು ಬಂತು. ತಿರುಪಿನ ಹತ್ತಿರ ಕೆಲಸ ಮಾಡುವ ಓಬಯ್ಯ, "ಯಾಕ್ ಸಾಬ್ರೇ, ಕಣ್ಣಿಗೆ ಹೊಟ್ಟು ಬಿತ್ತಾ" ಎಂದು ಸನ್ನೆ ಮಾಡಿದ. ಹೌದೆಂದೆ.

ಹುಲಿಯಪ್ಪನವರು ಬಂದವರಿಗೆಲ್ಲ ತೋರಿಸುತ್ತಾರೆ. "ನಮ್ ಸಾಬ್ರು ಈಗ ಸ್ಕ್ರೂಡ್ರೈವರ್ನೂ ಮುಟ್ಟಲ್ಲ, ನಿಂತ್ ಜಾಗ್ದಲ್ಲೇ ಹೇಳ್ತಾರೆ" ಎನ್ನುತ್ತಾರಂತೆ.

ಒಂದು ಮಾತು ಕೇಳಲೇ? ಒಂದು ವರ್ಷದಿಂದ ಬರೆಯುತ್ತಿದ್ದೀರಿ. ಗೆಳತಿಯರು ತುಂಬ ಜನ ಎಂದು ಮೊದಲ ಕಾಗದದಲ್ಲಿ ಬರೆದಿರಿ. ಒಬ್ಬಳ ಹೆಸರನ್ನೂ ಇನ್ನೂ ಬರೆದಿಲ್ಲ.

ದಾದಾಪೀರ್


ಕಾನ್ಪುರ
16 ಆಗಸ್ಟ್ 1998

ದಾದಾಪೀರ್ ಸಾಹೇಬರಿಗೆ,

ಗೆಳತಿಯರು ಇಲ್ಲ. ಒಬ್ಬಳೂ ಇಲ್ಲ.

ಮೊದಲ ವರ್ಷ ಪ್ರಯತ್ನಪಟ್ಟೆ. ನನ್ನ ಇಂಗ್ಲಿಷ್ ಕೇಳಿ ನಗುತ್ತಿದ್ದರು, ಹಿಂದಿ ಕೇಳಿ ಇನ್ನೂ ನಗುತ್ತಿದ್ದರು. ಆಮೇಲೆ ಮಾತು ಕಡಿಮೆ ಮಾಡಿದೆ. ಈಗ ಪ್ರಯೋಗಾಲಯದಲ್ಲಿ ಎರಡೆರಡು ದಿನ ಯಾರ ಜೊತೆಗೂ ಮಾತಾಡದೆ ಕಳೆಯುವುದುಂಟು. ಅವ್ವನಿಗೆ ಓದಲು ಬರುವುದಿಲ್ಲ, ಅವಳಿಗೆ ಬರೆದದ್ದನ್ನು ಬೇರೆಯವರು ಓದಿ ಹೇಳುತ್ತಾರೆ. ಹಾಗಾಗಿ ಅಲ್ಲಿಗೂ ಚೆನ್ನಾಗಿದ್ದೇನೆ ಎಂದೇ ಬರೆಯುತ್ತೇನೆ. ಕನ್ನಡದಲ್ಲಿ ಮನಸ್ಸು ಬಿಚ್ಚಿ ಬರೆಯುವುದು ನಿಮಗೊಬ್ಬರಿಗೆ.

ನಿಮಗೆ ಸುಳ್ಳು ಹೇಳಿದ್ದೆ, ಕ್ಷಮಿಸಿ. ಇನ್ನು ಹೇಳುವುದಿಲ್ಲ.

ಶಾಂತಕುಮಾರಿ


ಚಳ್ಳಕೆರೆ
9 ಸೆಪ್ಟೆಂಬರ್ 1998

ಶಾಂತಕುಮಾರಿಯವರಿಗೆ,

ಶನಿವಾರ ಗಿರಣಿಯಲ್ಲಿ ಅನಾಹುತವಾಯಿತು. ತಿರುಪಿಗೆ ಕಲ್ಲು ಸಿಕ್ಕಿ ನಿಂತುಹೋಗಿತ್ತು. ಮುಳ್ಳು ಮಾತ್ರ ನಲವತ್ತು ಸುತ್ತು ತೋರಿಸುತ್ತಿತ್ತು. ಬೀಜ ಕಡಿಮೆ ಬರುತ್ತಿದೆ ಎಂದು ನಾನು ಗುಂಡಿ ಏರಿಸಿದೆ. ಓಬಯ್ಯ ಆ ತುದಿಯಲ್ಲಿ ಮುಚ್ಚಳ ತೆಗೆದು ಸಲಾಕೆ ಹಾಕಿ ಕಲ್ಲು ಬಿಡಿಸುತ್ತಿದ್ದ. ತಿರುಪು ಒಮ್ಮೆಲೇ ಬಿಟ್ಟುಕೊಂಡು ಸಲಾಕೆಯನ್ನು ಎಳೆದುಕೊಂಡಿತು. ಅವನ ಬಲಗೈಯ ಎರಡು ಬೆರಳು ಹೋದವು.

ಪೆಟ್ಟಿಗೆಯನ್ನು ಬಿಚ್ಚಿ ಇಟ್ಟಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ದಾದಾಪೀರ್


ಮೊಳಕಾಲ್ಮೂರು
26 ಅಕ್ಟೋಬರ್ 1998

ದಾದಾಪೀರ್ ಸಾಹೇಬರಿಗೆ,

ದೀಪಾವಳಿಗೆಂದು ಹೇಳಿ ಊರಿಗೆ ಬಂದೆ. ಹಬ್ಬಕ್ಕಲ್ಲ, ನಿಮ್ಮನ್ನೂ ಓಬಯ್ಯನವರನ್ನೂ ನೋಡಲು ಬಂದೆ. ಕಳೆದ ಗುರುವಾರ ಬೆಳಗಿನ ಬಸ್ಸಿಗೆ ತಳಕು ಊರಿನ ಮೇಲೆ ಹಾಯ್ದು ಚಳ್ಳಕೆರೆಗೆ ಬಂದಿದ್ದೆ. ನೀವು ರಸ್ತೆಗೆ ಬೆನ್ನು ಮಾಡಿ ಕುಳಿತು ಸುರುಳಿ ಸುತ್ತುತ್ತಿದ್ದಿರಿ. ಮೆಟ್ಟಿಲ ಕೆಳಗೆ ನಿಂತು ದಾದಾಪೀರ್ ಸಾಹೇಬ್ರೇ ಎಂದೆ. ನಾನು ಶಾಂತಕುಮಾರಿ, ಕಾನ್ಪುರದಿಂದ ಬಂದಿದ್ದೇನೆ ಎಂದೆ. ಮೂರನೇ ಸಲ ಕರೆದಾಗ ಪಕ್ಕದ ಬಾಳೆಹಣ್ಣಿನವರೂ ತಿರುಗಿ ನೋಡಿದರು. ನಿಮ್ಮ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಕಾಲು ಗಂಟೆ ನಿಂತಿದ್ದು ಬಂದ ಬಸ್ಸಿಗೇ ಹೊರಟುಬಿಟ್ಟೆ. ಓಬಯ್ಯನವರ ಮನೆಗೆ ಹೋಗುವ ಧೈರ್ಯ ಆಮೇಲೆ ಬರಲಿಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಧಾನ ವೇಗದಲ್ಲಿ ಈ ಲೆಕ್ಕವನ್ನು ನಂಬಬೇಡ, ಪ್ರಯೋಗಾಲಯದ ಹೊರಗೆ ಕೊಡಬೇಡ ಎಂದು ಮಾರ್ಗದರ್ಶಕರು ಮೇ ತಿಂಗಳಲ್ಲೇ ಹೇಳಿದ್ದರು. ಅದನ್ನು ಮುಚ್ಚಿಟ್ಟೆ. ಮುಳ್ಳು ಹೊಯ್ದಾಡಬಹುದು ಎಂದಷ್ಟೇ ಬರೆದೆ. ನಿಮಗೆ ಏನಾದರೂ ಕೊಡಬೇಕೆಂಬ ಆಸೆ ನನ್ನನ್ನು ಹಾಳು ಮಾಡಿತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಸಿಕ್ಕಿಹಾಕಿಕೊಂಡ ಮೋಟರು ಹೇಗೆ ನರಳುತ್ತದೆ ಎಂದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ನಿಮಗೆ ತಿಳಿಯದೆ ಇದ್ದೀತೇ? ಆದರೂ ನೀವು ನಿಮ್ಮ ಕಿವಿ ಬಿಟ್ಟು ನನ್ನ ಮುಳ್ಳನ್ನು ನಂಬಿದಿರಿ. ಆ ಊರಿನ ಎಲ್ಲರಿಗಿಂತ ಚೆನ್ನಾಗಿ ಕೇಳುವವರನ್ನು ಕೇಳದ ಹಾಗೆ ಮಾಡುವ ವಸ್ತು ನನ್ನ ಕೈಯಿಂದ ಹೊರಬಂದಿದೆ. ಇಂಥ ವಿದ್ಯೆ ನನಗೆ ಬೇಡ. ಪ್ರಬಂಧ ಬಿಡುತ್ತಿದ್ದೇನೆಂದು ನವೆಂಬರ್ ಇಪ್ಪತ್ತರೊಳಗೆ ಕಾನ್ಪುರಕ್ಕೆ ತಿಳಿಸಬೇಕು, ತಿಳಿಸುತ್ತೇನೆ. ಈಗ ಅವ್ವನ ಜೊತೆ ನೂಲು ಸುತ್ತುತ್ತಿದ್ದೇನೆ. "ಅಲ್ಲಿ ಏನಾಯ್ತು ಅಮ್ಮಾಯಿ, ಚೆಪ್ಪು" ಎಂದು ತೆಲುಗು ಬೆರೆಸಿ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಾನು ಹಬ್ಬದ ರಜೆ ಎನ್ನುತ್ತೇನೆ.

ಉತ್ತರ ಬರೆಯಬೇಕಾಗಿಲ್ಲ.

ಶಾಂತಕುಮಾರಿ


ಚಳ್ಳಕೆರೆ
2 ನವೆಂಬರ್ 1998

ಅಮ್ಮಾ ಶಾಂತಕುಮಾರಿ,

ನೀವು ಕರೆದದ್ದು ನನಗೆ ಕೇಳಿಸಲಿಲ್ಲ. ನಾನು ಕಿವುಡ.

ಇದನ್ನು ಬರೆಯಲು ಒಂದು ವರ್ಷ ಬೇಕಾಯಿತು. ನೀವು ಮೊದಲ ಕಾಗದ ಬರೆದಾಗಲೇ ನನ್ನ ಕಿವಿ ಮುಗಿದಿತ್ತು. ಹನ್ನೆರಡು ಮೋಟರುಗಳ ವೇಗ ಮೀಟರಿನದು. ನಿಮ್ಮ ಮಾರ್ಗದರ್ಶಕರು ಹೇಳಿದ್ದು ಸರಿ, ನೀವು ನನ್ನ ಪರವಾಗಿ ಸುಮ್ಮನೆ ವಾದ ಮಾಡಿದಿರಿ. ಮುಳ್ಳು ಕೇಳಿದ್ದು ನಾಳೆ ಬರುವವರಿಗೆ ಅಲ್ಲ, ನನಗೇ. ನೀವು ಲೆಕ್ಕದಲ್ಲಿ ಓಡಿಸುತ್ತಿದ್ದ ದಾದಾಪೀರನಿಗೆ ಕಿವಿ ಇತ್ತು, ನಿಜದವನಿಗೆ ಇಲ್ಲ. ದಯವಿಟ್ಟು ತಿದ್ದಿಕೊಳ್ಳಿ.

ಆ ಶನಿವಾರ ಓಬಯ್ಯ ಸುಮ್ಮನೆ ಸಲಾಕೆ ಹಾಕಿರಲಿಲ್ಲ. ನಿಲ್ಲಿಸಿ ಎಂದು ಮೂರು ಸಲ ಕೂಗಿದ್ದನಂತೆ. ನಾನು ಅವನಿಗೆ ಬೆನ್ನು ಮಾಡಿ ಮುಳ್ಳು ನೋಡುತ್ತಿದ್ದೆ. ನಾನು ಕೈ ಎತ್ತಿದ್ದನ್ನು ಹೂಂ ಎಂದುಕೊಂಡು ಅವನು ಸಲಾಕೆ ಹಾಕಿದ. ನನ್ನ ಕೈ ಹೋದದ್ದು ಗುಂಡಿಗೆ. ಆಸ್ಪತ್ರೆಯಲ್ಲಿ ಹುಲಿಯಪ್ಪನವರು ಕೇಳಿದರೆ ಅವನು, ಗಾಣದ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ ಎಂದುಬಿಟ್ಟನಂತೆ. ಆಮೇಲೆ ನನ್ನ ಬಲಗಿವಿಗೆ ಬಾಯಿಟ್ಟು, "ನಂಗೆ ಮೊದ್ಲಿಂದ್ಲೂ ಗೊತ್ತೈತೆ ಸಾಬ್ರೇ, ಆ ಗಡಿಬಿಡೀಲಿ ಮರ್ತು ಕೂಗ್ದೆ. ಯಾರಿಗೂ ಹೇಳಾಕಿಲ್ಲ ಬಿಡ್ರಿ" ಎಂದ. ಬೆರಳು ಕಳೆದುಕೊಂಡವನು ನನ್ನ ಮರ್ಯಾದೆ ಕಾಯುತ್ತಿದ್ದ. ನಾನು ಕಾಯಿಸಿಕೊಂಡೆ. ನಿಮಗೆ ಬರೆದ ನಾಲ್ಕು ಸಾಲಿನಲ್ಲೂ ಆ ಕೂಗನ್ನು ಬಿಟ್ಟೆ. ತಪ್ಪೆಲ್ಲ ಮುಳ್ಳಿನ ಮೇಲೆ ಹೋಗಲಿ ಎಂಬ ನೀಚ ಬುದ್ಧಿ ಬಂತು. ಅದು ನಿಮ್ಮ ತಲೆಯ ಮೇಲೆ ಬೀಳುತ್ತದೆಂದು ಯೋಚಿಸಲಿಲ್ಲ.

ಮುಳ್ಳು ಯಾಕೆ ಸುಳ್ಳು ಹೇಳಿತು ಎನ್ನುವುದೂ ನನಗೆ ಗೊತ್ತು. ಆ ಮೋಟರು ನಾಲ್ಕು ವರ್ಷದ ಹಿಂದೆ ಸುಟ್ಟಿತ್ತು. ಅದರಲ್ಲಿದ್ದದ್ದು ಹದಿನೆಂಟನೇ ನಂಬರ್ ತಂತಿ. ಆ ವಾರ ಚಳ್ಳಕೆರೆಯಲ್ಲಿ, ಚಿತ್ರದುರ್ಗದಲ್ಲಿ ಎಲ್ಲಿಯೂ ಸಿಗಲಿಲ್ಲ. ಹತ್ತೊಂಬತ್ತನೇ ನಂಬರು ಸುತ್ತಿ ಕೊಟ್ಟೆ. ಅದು ಸಣ್ಣ ತಂತಿ, ಪ್ರತಿರೋಧ ಜಾಸ್ತಿ. ಕಾಲು ಭಾಗಕ್ಕಿಂತ ಹೆಚ್ಚೇ ಇದ್ದೀತು. ನಿಧಾನ ಓಡುವಾಗ ಹೋದ ವೋಲ್ಟೇಜನ್ನೆಲ್ಲ ತಂತಿಯೇ ತಿನ್ನುತ್ತಿತ್ತು. ನಿಮ್ಮ ಪೆಟ್ಟಿಗೆ ಅದನ್ನು ತಿರುಗುವುದರ ಪಾಲು ಎಂದು ತಿಳಿಯಿತು. ನಾವು ತಂತಿ ಬದಲಾಯಿಸುತ್ತೇವೆ, ಫಲಕ ಬದಲಾಯಿಸುವುದಿಲ್ಲ. ಈ ಕಸುಬಿನಲ್ಲಿ ಯಾರೂ ಬದಲಾಯಿಸುವುದಿಲ್ಲ. ನೀವು ಫಲಕ ಕೇಳಿದಿರಿ, ನಾನು ಫಲಕ ಕೊಟ್ಟೆ. ಓದಿದವರಿಗೆ ಇಷ್ಟು ಗೊತ್ತಿರುತ್ತದೆ ಎಂದುಕೊಂಡೆ. ಒಳಗೆ ಯಾವ ತಂತಿ ಹಾಕಿದ್ದೀರಿ ಎಂದು ನೀವು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ.

ಬಿಚ್ಚಿದ ಪ್ರತಿಯೊಂದು ಮೋಟರಿನ ಸುತ್ತು, ಹಳೆಯ ತಂತಿ, ಹೊಸ ತಂತಿ ನಾನು ಪುಸ್ತಕದಲ್ಲಿ ಬರೆದಿಡುತ್ತೇನೆ. ಐದು ದಿನ ಕೂತು ಇನ್ನೂರ ಹನ್ನೆರಡು ಮೋಟರುಗಳದ್ದು ನಕಲು ಮಾಡಿದ್ದೇನೆ. ಇದರ ಜೊತೆಗಿದೆ. ಅದರಲ್ಲಿ ಫಲಕದ ಹಾಗೆಯೇ ಇರುವುದು ಮೂವತ್ತೊಂದು. ಉಳಿದದ್ದೆಲ್ಲ ಬೇರೆ. ಎಷ್ಟು ವ್ಯತ್ಯಾಸದವರೆಗೆ ಲೆಕ್ಕ ತಡೆಯಬೇಕು ಎಂದು ಹುಡುಕುತ್ತಿದ್ದೀರಲ್ಲ, ಇಷ್ಟು ತಡೆಯಬೇಕು. ಇದನ್ನು ನಿಮ್ಮ ಮಾರ್ಗದರ್ಶಕರ ಮೇಜಿನ ಮೇಲಿಡಿ. ಪ್ರಬಂಧ ಬಿಡಬೇಡಿ. ನಿಮ್ಮ ಮುಳ್ಳು ಯಾರ ಕಿವಿಯನ್ನೂ ಮುಚ್ಚಿಸಲಿಲ್ಲ, ಅಲ್ಲಿ ಕಿವಿಯೇ ಇರಲಿಲ್ಲ.

ನಿನ್ನೆ ಹುಲಿಯಪ್ಪನವರಿಗೆ ಎಲ್ಲ ಹೇಳಿದೆ. ಅವರು ಏನೋ ಅಂದರು, ತಲೆ ಬಗ್ಗಿಸಿದ್ದರಿಂದ ತುಟಿ ಕಾಣಲಿಲ್ಲ. ಮತ್ತೆ ಹೇಳಿ ಎಂದು ಕೇಳುವ ಧೈರ್ಯವಾಗಲಿಲ್ಲ. ಇವತ್ತು ಯಾವ ಗಿರಣಿಯಿಂದಲೂ ಕರೆ ಬಂದಿಲ್ಲ. ನಾಳೆಯೂ ಬರಲಿಕ್ಕಿಲ್ಲ.

ಕಾನ್ಪುರಕ್ಕೆ ಹೋಗುವ ಮೊದಲು ಒಂದು ಸಲ ಬನ್ನಿ. ಕರೆಯಬೇಡಿ. ಒಳಗೆ ಬಂದು ನನ್ನ ಎದುರಿಗೆ ನಿಂತುಕೊಳ್ಳಿ.

ದಾದಾಪೀರ್